ಡಾಡ್ಜ್ ಎಂ37 ಮಿಲಿಟರಿ ಟ್ರಕ್ಕಿಗೆ ಕಮಿನ್ಸ್ ಡೀಸೆಲ್: ಚಕ್ರದಿಂದ ಶುರು ಮಾಡಿ, ಎಂಜಿನ್‌ನಿಂದಲ್ಲ

ಹೊಸ ಎಂಜಿನ್ ಕೂರಿಸಿದ ಮೇಲೆ ನನ್ನ ಟ್ರಕ್ಕು ಮೊದಲಿಗಿಂತ ನಿಧಾನವಾಯಿತು.

ಎಂಟು ತಿಂಗಳ ಶನಿವಾರ, ಭಾನುವಾರಗಳನ್ನು ಗ್ಯಾರೇಜಿನಲ್ಲೇ ಕಳೆದಿದ್ದೆ. ಕೆಲಸ ಮುಗಿಯಿತು ಅಂದುಕೊಂಡು ಮಿಶಿಗನ್ನಿನ ರಸ್ತೆಗೆ ಗಾಡಿ ಇಳಿಸಿದೆ. ಗಂಟೆಗೆ 70 ಕಿ.ಮೀ. ಮುಟ್ಟುವಷ್ಟರಲ್ಲಿ ಡೀಸೆಲ್ ಎಂಜಿನ್ ತನ್ನ ಮಿತಿಗೆ ಬಂದು ನಿಂತಿತು. ಹಳೆಯ ಪೆಟ್ರೋಲ್ ಎಂಜಿನ್‌ನಲ್ಲಿ ಇದೇ ಟ್ರಕ್ಕು 85ರ ತನಕ ಹೋಗುತ್ತಿತ್ತು. ಹೊಸ ಎಂಜಿನ್‌ನಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಲೆಕ್ಕವನ್ನು ತಪ್ಪು ತುದಿಯಿಂದ ಹಾಕಿದ್ದೆ. ಮೊದಲು ಎಂಜಿನ್ ಕೊಂಡೆ, ಆಮೇಲೆ ಗೇರ್ ಬಾಕ್ಸ್ ಬಗ್ಗೆ ಯೋಚಿಸಿದೆ. ಆಕ್ಸಲ್ ಬಗ್ಗೆ ಯೋಚಿಸಲೇ ಇಲ್ಲ. ಆ ತಪ್ಪು ನಿಮ್ಮಿಂದ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಾಡಿಯ ಪರಿಚಯ ಮಾಡಿಕೊಳ್ಳೋಣ. ಎಂ37 ಅಮೆರಿಕದ ಸೇನೆಯ ಮುಕ್ಕಾಲು ಟನ್ನಿನ ಫೋರ್ ವೀಲ್ ಡ್ರೈವ್ ಟ್ರಕ್ಕು. 1951ರಿಂದ 1968ರವರೆಗೆ ತಯಾರಾಯಿತು. ಎರಡನೇ ಮಹಾಯುದ್ಧದ ಡಬ್ಲ್ಯುಸಿ ಸರಣಿಯ ಡಾಡ್ಜ್‌ಗಳ ಜಾಗಕ್ಕೆ ಬಂದು, ಕೊರಿಯಾದಲ್ಲೂ ವಿಯೆಟ್ನಾಂನಲ್ಲೂ ದುಡಿಯಿತು. ಖಾಲಿ ತೂಕವೇ ಎರಡೂವರೆ ಟನ್ನಿಗಿಂತ ಸ್ವಲ್ಪ ಜಾಸ್ತಿ. ಎಂಜಿನ್ 230 ಘನ ಇಂಚಿನ, ಅಂದರೆ ಸುಮಾರು 3.8 ಲೀಟರಿನ, ಆರು ಸಿಲಿಂಡರಿನ ಫ್ಲಾಟ್‌ಹೆಡ್. ವಾಲ್ವುಗಳು ತಲೆಯ ಮೇಲಿರದೆ ಬ್ಲಾಕಿನ ಪಕ್ಕದಲ್ಲೇ ಇರುತ್ತವೆ. 3,200 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತಿನಲ್ಲಿ, 78 ಅಶ್ವಶಕ್ತಿ. ಹಿಂದೆ ನಾಲ್ಕು ಗೇರಿನ ಎನ್‌ಪಿ 420 ಬಾಕ್ಸ್, ಅದರಿಂದ ಬೇರೆಯಾಗಿ ಚಾಸಿಗೆ ನೇತುಹಾಕಿದ ಎನ್‌ಪಿ 200 ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ), ಎರಡೂ ಆಕ್ಸಲ್‌ಗಳಲ್ಲಿ 5.83 ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟಿನ 5.83 ಸುತ್ತು), 24 ವೋಲ್ಟಿನ ವೈರಿಂಗ್, 9.00-16 ಟೈರು. ನಿಧಾನಕ್ಕೆ, ಕೆಸರಿನಲ್ಲಿ, ಭಾರ ಹೊತ್ತು ಹೋಗಲೆಂದೇ ಮಾಡಿದ ಜೋಡಣೆ ಅದು. ಇದರಲ್ಲಿ ಒಂದನ್ನು ಮುಟ್ಟಿದರೆ ಉಳಿದ ಎಲ್ಲವೂ ಅಲ್ಲಾಡುತ್ತವೆ.

ಯಾವ ಗಾಡಿಯನ್ನು ಮುಟ್ಟಬಾರದು

ಮೂಲ ಎಂಜಿನ್ ಓಡುತ್ತಿದ್ದು, ಡ್ಯಾಶ್‌ಬೋರ್ಡಿನ ತಗಡಿನ ಫಲಕಗಳೆಲ್ಲ ಹಾಗೇ ಇದ್ದು, ಬಾಡಿಗೆ ತುಕ್ಕು ಹಿಡಿಯದ ಎಂ37 ಸಿಕ್ಕಿದರೆ ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಅಂಥದ್ದನ್ನು ಇದ್ದ ಹಾಗೇ ಕಾಪಾಡಬೇಕು. ಬ್ಲಾಕು ಬಿರುಕು ಬಿಟ್ಟ, ಭಾಗಗಳು ಕಳೆದುಹೋದ, ಯಾರೋ ಆಗಲೇ ಕೆದಕಿದ ಗಾಡಿಯನ್ನು ಹುಡುಕಿ. ಇಲ್ಲಿನ ಚಳಿಗೆ ನೀರು ಹೆಪ್ಪುಗಟ್ಟಿ ಬ್ಲಾಕು ಒಡೆದ ಎಂಜಿನ್‌ಗಳು ಬೇಕಾದಷ್ಟಿವೆ. ನನ್ನದೂ ಹಾಗೇ ಸಿಕ್ಕಿದ್ದು.

ಇನ್ನೊಂದು ಮಾತು. ಚಾಸಿಯನ್ನು ಕತ್ತರಿಸಬೇಡಿ. ಪ್ರತಿ ಮೌಂಟನ್ನೂ (ಎಂಜಿನ್, ಗೇರ್ ಬಾಕ್ಸ್ ಕೂರುವ ಆಧಾರ) ಬೋಲ್ಟ್ ಹಾಕಿ ಕೂರಿಸಿದರೆ ಮುಂದೊಂದು ದಿನ ಯಾರಾದರೂ ಇದನ್ನು ಮೂಲ ರೂಪಕ್ಕೆ ತರಬಹುದು. ತೆಗೆದ ಎಂಜಿನ್, ಗೇರ್ ಬಾಕ್ಸ್, ಬ್ರಾಕೆಟ್ಟುಗಳನ್ನು ಎಣ್ಣೆ ಸವರಿ ಮೂಲೆಯಲ್ಲಿ ಇಡಿ. ಗುಜರಿಗೆ ಹಾಕಬೇಡಿ.

ಕಾನೂನಿನ ವಿಷಯ ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಿಮ್ಮ ರಾಜ್ಯದ ವಾಹನ ಕಚೇರಿಯಲ್ಲಿ ಮೊದಲೇ ಕೇಳಿ. ಭಾರತದಲ್ಲಿ ಇಂಥದ್ದೇ ಕೆಲಸಕ್ಕೆ ಹೊರಟವರು ಎರಡು ವಿಷಯ ನೆನಪಿಡಬೇಕು. ಒಂದು, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಿಸುವ ಮುಂಚೆ ಆರ್‌ಟಿಒ ಅನುಮತಿ ಬೇಕು. ಎರಡು, 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮ. 50 ವರ್ಷ ದಾಟಿದ ಗಾಡಿಗೆ "ವಿಎ" ಅಕ್ಷರಗಳಿರುವ ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಎಂಜಿನ್ ಬದಲಿಸಿದರೆ ಆ ಬಾಗಿಲು ಮುಚ್ಚಿದಂತೆ. ಮಿಲಿಟರಿ ಡಿಸ್ಪೋಸಲ್‌ನಲ್ಲಿ ಬಂದ ಜೋಂಗಾ ಇಟ್ಟುಕೊಂಡಿರುವ ಊರಿನ ಗೆಳೆಯರು ನನ್ನನ್ನು ಇದನ್ನೇ ಕೇಳುತ್ತಿರುತ್ತಾರೆ. ಜಬಲ್ಪುರದಲ್ಲಿ ತಯಾರಾದ ಆ ಗಾಡಿಗೂ ಈ ಬರಹದ ಗೇರಿನ ಲೆಕ್ಕ ಅನ್ವಯಿಸುತ್ತದೆ. ಅಂಕಿಗಳು ಮಾತ್ರ ಬೇರೆ.

ಹೆಜ್ಜೆ 1: ಸೀಮೆಸುಣ್ಣ, ಟೇಪು, ಒಂದು ಹಾಳೆ

ಏನನ್ನೂ ಕೊಳ್ಳುವ ಮುಂಚೆ ಈ ಕೆಲಸ ಮಾಡಿ. ಟೈರಿನ ಮೇಲೂ ನೆಲದ ಮೇಲೂ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗಾಡಿಯನ್ನು ತಳ್ಳಿ, ಚಕ್ರ ಒಂದು ಸುತ್ತು ಬಂದಾಗ ನೆಲದ ಮೇಲೆ ಇನ್ನೊಂದು ಗೆರೆ ಹಾಕಿ. ನಡುವಿನ ದೂರ ಅಳೆಯಿರಿ. ಟೈರಿನ ವ್ಯಾಸ ಅಳೆದು ಲೆಕ್ಕ ಹಾಕುವುದಕ್ಕಿಂತ ಇದು ಒಳ್ಳೆಯದು. ಭಾರಕ್ಕೆ ಟೈರು ಸ್ವಲ್ಪ ತಗ್ಗಿರುತ್ತದೆ ಅಲ್ವಾ?

ನನ್ನ ಟೈರಿನಲ್ಲಿ 2.7 ಮೀಟರ್ ಬಂತು. ಅಂದರೆ ಒಂದು ಕಿಲೋಮೀಟರಿಗೆ ಚಕ್ರ ಸುಮಾರು 370 ಸುತ್ತು ತಿರುಗುತ್ತದೆ. ಇದನ್ನು ಆಕ್ಸಲ್ ಅನುಪಾತದಿಂದ ಗುಣಿಸಿ: 370 × 5.83 = 2,157. ಟಾಪ್ ಗೇರು ಒಂದಕ್ಕೊಂದು ತಿರುಗುವುದರಿಂದ ಅದರಲ್ಲಿ ಒಂದು ಕಿಲೋಮೀಟರಿಗೆ ಎಂಜಿನ್ ಇಷ್ಟು ಸುತ್ತು ತಿರುಗಬೇಕು.

ಇಲ್ಲೊಂದು ಸುಲಭ ದಾರಿ ಇದೆ. ಗಂಟೆಗೆ 60 ಕಿ.ಮೀ. ಅಂದರೆ ನಿಮಿಷಕ್ಕೆ ಒಂದು ಕಿ.ಮೀ. ಹಾಗಾಗಿ 60ರ ವೇಗದಲ್ಲಿ ಈ ಸಂಖ್ಯೆಯೇ ನಿಮ್ಮ ಆರ್‌ಪಿಎಂ. 80ಕ್ಕೆ ಹೋಗಬೇಕಾದರೆ ಅದರ ಮೇಲೆ ಮೂರನೇ ಒಂದು ಭಾಗ ಸೇರಿಸಿ: 2,876. ಹಳೆಯ ಫ್ಲಾಟ್‌ಹೆಡ್ 3,200ರ ತನಕ ತಿರುಗುತ್ತಿತ್ತು, ಹಾಗಾಗಿ 85ರ ಆಸುಪಾಸು ಮುಟ್ಟುತ್ತಿತ್ತು. ನಾನು ಕೂರಿಸಿದ ಡೀಸೆಲ್ 2,500ಕ್ಕೆ ನಿಲ್ಲುತ್ತದೆ. 2,500ನ್ನು 2,157ರಿಂದ ಭಾಗಿಸಿ, 60ರಿಂದ ಗುಣಿಸಿ: 70 ಕಿ.ಮೀ. ಎಂಟು ತಿಂಗಳ ನಂತರ ರಸ್ತೆಯಲ್ಲಿ ಕಂಡದ್ದನ್ನು ಈ ಒಂದು ಸಾಲಿನ ಲೆಕ್ಕ ಮೊದಲ ದಿನವೇ ಹೇಳುತ್ತಿತ್ತು.

ಈಗ ಓವರ್‌ಡ್ರೈವ್ (ಎಂಜಿನ್‌ಗಿಂತ ಶಾಫ್ಟು ಜೋರಾಗಿ ತಿರುಗುವ ಗೇರು) ಇರುವ ಐದು ಗೇರಿನ ಬಾಕ್ಸ್ ಹಾಕಿದೆವು ಅಂದುಕೊಳ್ಳಿ. ಐದನೇ ಗೇರು 0.75. ಆಗ 2,157 × 0.75 = 1,618. 80ರ ವೇಗಕ್ಕೆ 2,157 ಆರ್‌ಪಿಎಂ ಸಾಕು. ಆಕ್ಸಲ್‌ನ ಕ್ರೌನ್-ಪಿನಿಯನ್ನನ್ನೂ (ಅದರ ಅನುಪಾತ ನಿರ್ಧರಿಸುವ ಗೇರ್ ಜೋಡಿ) 4.89ಕ್ಕೆ ಬದಲಿಸಿದರೆ 80ಕ್ಕೆ ಸುಮಾರು 1,810, 90ಕ್ಕೆ 2,035. ಡೀಸೆಲ್ ಹಾಯಾಗಿ ಎಳೆಯುವ ಜಾಗ ಅದು.

90ಕ್ಕಿಂತ ಹೆಚ್ಚಿನ ಲೆಕ್ಕ ನಾನು ಹಾಕಿಲ್ಲ, ನೀವೂ ಹಾಕಬೇಡಿ. ಈ ಟ್ರಕ್ಕಿನ ಟೈರು, ಸ್ಪ್ರಿಂಗು, ಸ್ಟೀರಿಂಗು ಯಾವುದೂ ಅದಕ್ಕಿಂತ ಜೋರಾದ ಓಟಕ್ಕೆ ಆದದ್ದಲ್ಲ.

ಹೆಜ್ಜೆ 2: ಬಲದ ಲೆಕ್ಕ, ಆಕ್ಸಲ್ ತೀರ್ಮಾನ

ವೇಗದ ಲೆಕ್ಕ ಮಾಡಿದವರೂ ಇದನ್ನು ಬಿಟ್ಟುಬಿಡುತ್ತಾರೆ. ಲೋ ರೇಂಜ್ (ಟ್ರಾನ್ಸ್‌ಫರ್ ಕೇಸಿನ ನಿಧಾನದ, ಹೆಚ್ಚು ಬಲದ ಗೇರು), ಮೊದಲ ಗೇರ್, ಪೂರ್ತಿ ಎಳೆತ. ಆಗ ಆಕ್ಸಲ್ ಶಾಫ್ಟುಗಳ ಮೇಲೆ ಬೀಳುವ ಬಲ ಎಷ್ಟು?

ಹಳೆಯ ಎಂಜಿನ್‌ನ ಟಾರ್ಕ್ (ತಿರುಚುವ ಬಲ) ಸುಮಾರು 240 ನ್ಯೂಟನ್ ಮೀಟರ್. ಮೊದಲ ಗೇರ್ 6.4, ಟ್ರಾನ್ಸ್‌ಫರ್ ಕೇಸಿನ ಲೋ 1.96, ಆಕ್ಸಲ್ 5.83. ಎಲ್ಲ ಗುಣಿಸಿದರೆ ಸುಮಾರು 17,550. ಹೊಸ ಡೀಸೆಲ್‌ನ ಟಾರ್ಕ್ 360, ಹೊಸ ಬಾಕ್ಸಿನ ಮೊದಲ ಗೇರ್ 5.61. ಆಕ್ಸಲ್ 5.83 ಹಾಗೇ ಉಳಿಸಿಕೊಂಡರೆ 23,080 ಬರುತ್ತದೆ. ಅಂದರೆ ಆಕ್ಸಲ್ ಮೇಲೆ ಮೂವತ್ತು ಶೇಕಡಕ್ಕಿಂತ ಜಾಸ್ತಿ ಹೊರೆ. 4.89 ಹಾಕಿದರೆ 19,360. ಹತ್ತು ಶೇಕಡ ಮಾತ್ರ ಹೆಚ್ಚು.

4.89 ಬರೀ ವೇಗಕ್ಕೆ ಅಂತ ತುಂಬ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಆಕ್ಸಲ್ ಉಳಿಸುವ ಉಪಾಯ. ಕ್ರೌನ್-ಪಿನಿಯನ್ ಹುಡುಕುವುದು ಕಷ್ಟ, ಬೆಲೆಯೂ ಜಾಸ್ತಿ. ಸಿಗುವ ತನಕ ಕಾಯಲು ಆಗದಿದ್ದರೆ ಓವರ್‌ಡ್ರೈವ್ ಬಾಕ್ಸ್ ಒಂದೇ ಹಾಕಿ, ಲೋ ರೇಂಜಿನಲ್ಲಿ ಎರಡನೇ ಗೇರಿನಿಂದ ಹೊರಡುವ ಅಭ್ಯಾಸ ಮಾಡಿಕೊಳ್ಳಿ. ಬದಲಿಸುವುದಾದರೆ ಹಿಂದೆ, ಮುಂದೆ ಎರಡೂ ಕಡೆ ಒಂದೇ ಅನುಪಾತ ಇರಲೇಬೇಕು. ಒಂದು ಕಡೆ ಬೇರೆ ಇದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸ್ ತನ್ನನ್ನು ತಾನೇ ತಿರುಚಿಕೊಳ್ಳುತ್ತದೆ.

ಕ್ರೌನ್-ಪಿನಿಯನ್ ಕೂರಿಸುವಾಗ ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ಮಧ್ಯದಲ್ಲಿ ಬೀಳುವ ತನಕ ಶಿಮ್ (ಅಂತರ ಸರಿಪಡಿಸುವ ತೆಳು ತಗಡು) ಬದಲಿಸಿ. ಈ ಕೆಲಸ ಮಾಡಿ ಕೈ ಪಳಗಿಲ್ಲದಿದ್ದರೆ ಪಳಗಿದವರಿಗೆ ಕೊಡಿ. ನಾನು ಕೊಟ್ಟೆ.

ಹೆಜ್ಜೆ 3: ಓಡಿಸುವ ಮುಂಚೆ ನಿಲ್ಲಿಸುವುದು

ಬ್ರೇಕನ್ನು ಎಂಜಿನ್‌ಗಿಂತ ಮೊದಲು ಮಾಡಿ. ಎಂ37ರಲ್ಲಿ ನಾಲ್ಕೂ ಕಡೆ ಡ್ರಮ್ಮು, ಎಲ್ಲಕ್ಕೂ ಸೇರಿ ಒಂದೇ ಮಾಸ್ಟರ್ ಸಿಲಿಂಡರ್, ಬೂಸ್ಟರ್ ಇಲ್ಲ. ಒಂದು ಕಡೆ ಪೈಪು ಒಡೆದರೆ ನಾಲ್ಕು ಚಕ್ರದ ಬ್ರೇಕೂ ಹೋಯಿತು. ಹಾಗಾಗಿ ಮುಂದೆ, ಹಿಂದೆ ಬೇರೆ ಬೇರೆ ದಾರಿ ಇರುವ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿ. ಪೈಪು, ಹೋಸು, ವೀಲ್ ಸಿಲಿಂಡರ್ ಎಲ್ಲ ಹೊಸದು.

ಬೂಸ್ಟರ್ ಹಾಕುವುದಾದರೆ ಒಂದು ಸಂಗತಿ ಗಮನಿಸಿ. ಪೆಟ್ರೋಲ್ ಎಂಜಿನ್‌ನ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಸಿಗುತ್ತದೆ, ಡೀಸೆಲ್‌ನಲ್ಲಿ ಸಿಗುವುದಿಲ್ಲ. ಬೇರೆ ವ್ಯಾಕ್ಯೂಮ್ ಪಂಪು ಬೇಕು, ಇಲ್ಲವೇ ಪವರ್ ಸ್ಟೀರಿಂಗ್ ಪಂಪಿನ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರೋ ಬೂಸ್ಟರ್ ಬೇಕು. ನನ್ನ ಆಯ್ಕೆ ಎರಡನೆಯದು. ಅದೇ ಪಂಪಿನಿಂದ ಸ್ಟೀರಿಂಗ್‌ಗೂ ಸಹಾಯ ಸಿಗುತ್ತದೆ. ಮುಂದೆ ಭಾರದ ಡೀಸೆಲ್ ಕೂತ ಮೇಲೆ ಕೈಯಿಂದ ಸ್ಟೀರಿಂಗ್ ತಿರುಗಿಸಲು ತೋಳು ಸೋಲುತ್ತದೆ.

ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದ ಡ್ರಮ್ಮಿನಲ್ಲಿದೆ. ಅದು ಪ್ರೊಪೆಲ್ಲರ್ ಶಾಫ್ಟನ್ನು, ಅಂದರೆ ಆಕ್ಸಲ್‌ಗೆ ಬಲ ಒಯ್ಯುವ ದಂಡವನ್ನು, ಹಿಡಿಯುತ್ತದೆ. ಶಾಫ್ಟು ಬಿಚ್ಚಿದ ಮೇಲೆ ಹ್ಯಾಂಡ್ ಬ್ರೇಕ್ ಇಲ್ಲ. ಹಿಂದಿನ ಒಂದು ಚಕ್ರ ಜಾಕ್ ಮೇಲೆ ಎತ್ತಿದರೂ ಗಾಡಿ ಉರುಳಬಹುದು. ಚಕ್ರಗಳಿಗೆ ಮರದ ಕಟ್ಟೆ ಕೊಡದೆ ಈ ಟ್ರಕ್ಕಿನ ಕೆಳಗೆ ಯಾವತ್ತೂ ಮಲಗಬೇಡಿ.

ಹೆಜ್ಜೆ 4: ಎಂಜಿನ್ ಆಯ್ಕೆ

ನಾನು ಹಾಕಿದ್ದು ಕಮಿನ್ಸ್ 4ಬಿಟಿ. ನಾಲ್ಕು ಸಿಲಿಂಡರ್, 3.9 ಲೀಟರ್, ಟರ್ಬೊ, 105 ಅಶ್ವಶಕ್ತಿ. ಟಾರ್ಕು 1,600 ಆರ್‌ಪಿಎಂ ಆಸುಪಾಸಿನಲ್ಲೇ ತುಂಬಿ ಬರುತ್ತದೆ. ಊರಿನ ಓದುಗರಿಗೆ ಇದರ ಅಣ್ಣ ಚೆನ್ನಾಗಿ ಗೊತ್ತು. ಜಮ್‌ಷೆಡ್‌ಪುರದಲ್ಲಿ ತಯಾರಾಗಿ ಟಾಟಾ ಲಾರಿಗಳಲ್ಲಿ ಬಂದ ಆರು ಸಿಲಿಂಡರಿನ 5.9 ಲೀಟರ್ ಕಮಿನ್ಸ್ ಇದೇ ಬಿ ಸರಣಿಯದು. 4ಬಿಟಿ ಅಂದರೆ ಅದರಿಂದ ಎರಡು ಸಿಲಿಂಡರ್ ಕಡಿಮೆ ಮಾಡಿದ ಹಾಗೆ. ಪಿಸ್ಟನ್ನಿನ ಅಳತೆಯೂ ಅದೇ: 102 ಮಿ.ಮೀ. ಅಗಲ, 120 ಮಿ.ಮೀ. ಸ್ಟ್ರೋಕ್.

ಅಮೆರಿಕದಲ್ಲಿ ಇದು ಸಿಗುವುದು ಬ್ರೆಡ್ಡು, ಚಿಪ್ಸು ಹಂಚುವ ಹಳೆಯ ಸ್ಟೆಪ್ ವ್ಯಾನ್‌ಗಳಲ್ಲಿ. ಸಾಧ್ಯವಾದರೆ ಇಡೀ ವ್ಯಾನನ್ನೇ ಕೊಳ್ಳಿ. ಎಂಜಿನ್ ಓಡುವುದನ್ನು ಕಣ್ಣಾರೆ ನೋಡಬಹುದು. ವೈರು, ಪೈಪು, ಆಕ್ಸಲರೇಟರ್ ಕೇಬಲ್ ಎಲ್ಲವೂ ಒಟ್ಟಿಗೆ ಬರುತ್ತವೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಗಿನಿಂದ ಹೊಗೆ ಎಷ್ಟು ಉಬ್ಬರಿಸುತ್ತದೆ ನೋಡಿ. ಟರ್ಬೊ ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿ. ಸುತ್ತಲೂ ತಗಡಿಗೆ ತಾಗುವಷ್ಟು ಸಡಿಲ ಇದ್ದರೆ ಟರ್ಬೊ ಹೋಗಿದೆ ಅಂತ ಲೆಕ್ಕ.

ಎಂಜಿನ್ ಸ್ಟ್ಯಾಂಡಿನ ಮೇಲಿರುವಾಗಲೇ ಒಂದು ಕೆಲಸ ತಪ್ಪದೆ ಮಾಡಿ. ಈ ಸರಣಿಯಲ್ಲಿ ಟೈಮಿಂಗ್ ಕೇಸನ್ನು (ಎಂಜಿನ್ ಮುಂಭಾಗದ ಗೇರುಗಳ ಕವಚ) ಬ್ಲಾಕಿಗೆ ಸರಿಯಾಗಿ ಕೂರಿಸಲು ಒಂದು ಸಣ್ಣ ಉಕ್ಕಿನ ಡೋವೆಲ್ ಪಿನ್ ಇದೆ. ವರ್ಷಗಟ್ಟಲೆ ಅದುರಿ ಅದುರಿ ಅದು ನಿಧಾನಕ್ಕೆ ಹೊರಗೆ ಜಾರುತ್ತದೆ. ಜಾರಿ ಟೈಮಿಂಗ್ ಗೇರುಗಳ ನಡುವೆ ಬಿದ್ದರೆ ಕೇಸು ಒಡೆಯುತ್ತದೆ, ಎಂಜಿನ್ನೇ ಹೋಗಬಹುದು. ಮುಂದಿನ ಕವರ್ ತೆಗೆದು, ಪಿನ್ನಿನ ಮುಂದೆ ಒಂದು ಚಿಕ್ಕ ತಗಡಿನ ಪಟ್ಟಿಯನ್ನು ಪಕ್ಕದ ಬೋಲ್ಟಿಗೆ ಸೇರಿಸಿ ಬಿಗಿದರೆ ಮುಗಿಯಿತು. ಅರ್ಧ ದಿನದ ಕೆಲಸ. ಎಂಜಿನ್ ಚಾಸಿಯಲ್ಲಿ ಕೂತ ಮೇಲೆ ಅದೇ ಕೆಲಸಕ್ಕೆ ರೇಡಿಯೇಟರ್ ಬಿಚ್ಚಬೇಕು.

ಆಗಲೇ ವಾಲ್ವ್ ಕ್ಲಿಯರೆನ್ಸೂ ನೋಡಿಬಿಡಿ. ತಣ್ಣಗಿರುವಾಗ ಇನ್‌ಟೇಕ್ 0.010 ಇಂಚು, ಎಕ್ಸಾಸ್ಟ್ 0.020 ಇಂಚು. ಫೈರಿಂಗ್ ಆರ್ಡರ್ 1-3-4-2.

ಹೆಜ್ಜೆ 5: ಗೇರ್ ಬಾಕ್ಸ್ ಮತ್ತು ಕ್ಲಚ್

ಎನ್‌ವಿ 4500 ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಎರಕದ ಕಬ್ಬಿಣದ ಕವಚ, ಐದು ಗೇರ್, ಮೇಲಿನದು ಓವರ್‌ಡ್ರೈವ್. ಹಳೆಯ ಎನ್‌ಪಿ 420 ಮಾಡಿದ ನ್ಯೂ ಪ್ರೋಸೆಸ್ ಕಂಪನಿಯೇ ಮುಂದೆ ನ್ಯೂ ವೆಂಚರ್ ಗೇರ್ ಆಯಿತು. ಹಾಗಾಗಿ ಇದು ಅದೇ ವಂಶದ ಬಾಕ್ಸು.

ನಿಮಗೆ ಬೇಕಾದದ್ದು ಡಾಡ್ಜ್ ಪಿಕಪ್ಪಿನಲ್ಲಿ ಕಮಿನ್ಸ್ ಜೊತೆ ಬಂದ ಟೂ ವೀಲ್ ಡ್ರೈವ್ ಬಾಕ್ಸ್. ಫೋರ್ ವೀಲ್ ಟ್ರಕ್ಕಿಗೆ ಟೂ ವೀಲ್ ಬಾಕ್ಸ್ ಯಾಕೆ ಅಂತ ಕೇಳಬಹುದು. ಫೋರ್ ವೀಲ್ ಬಾಕ್ಸಿನ ಹಿಂಭಾಗ ಟ್ರಾನ್ಸ್‌ಫರ್ ಕೇಸನ್ನು ನೇರವಾಗಿ ಅಂಟಿಸಲು ಮಾಡಿದ್ದು. ಎಂ37ರಲ್ಲಿ ಟ್ರಾನ್ಸ್‌ಫರ್ ಕೇಸ್ ಬೇರೆಯಾಗಿದೆ, ನಡುವೆ ಗಿಡ್ಡ ಶಾಫ್ಟು ಇದೆ. ಆ ಶಾಫ್ಟು ಸೇರಿಸಲು ಯೋಕ್ (ಎರಡು ಕಿವಿಗಳ ಕವಲು) ಇರುವ ಹಿಂಬದಿ ಬೇಕು.

ಅದೇ ಪಿಕಪ್ಪಿನ ಅಡಾಪ್ಟರ್ ಪ್ಲೇಟು, ಫ್ಲೈವೀಲು 4ಬಿಟಿಗೂ ಕೂರುತ್ತವೆ. ನಾಲ್ಕು, ಆರು ಸಿಲಿಂಡರಿನ ಎಂಜಿನ್‌ಗಳ ಹಿಂಬದಿಯ ಬೋಲ್ಟ್ ತೂತುಗಳು ಒಂದೇ. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಎಲ್ಲ ಹೊಸದು ಹಾಕಿ. ಬೆಲ್ ಹೌಸಿಂಗ್ ಕೂರಿಸಿದ ಮೇಲೆ ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ, ಹೌಸಿಂಗ್‌ನ ನಡುವಿನ ತೂತಿನ ಸುತ್ತ ತಿರುಗಿಸಿ ನೋಡಿ. 0.005 ಇಂಚಿನೊಳಗೆ ಇದ್ದರೆ ನೆಮ್ಮದಿ. ಜಾಸ್ತಿ ಇದ್ದರೆ ಗೇರ್ ಹಾಕುವಾಗ ಕಿರಿಕಿರಿ ಶುರುವಾಗಿ ಕೊನೆಗೆ ಬೇರಿಂಗ್ ಹೋಗುತ್ತದೆ.

ಡಾಡ್ಜ್‌ನ ಎನ್‌ವಿ 4500ರಲ್ಲಿ ಐದನೇ ಗೇರಿನ ನಟ್ಟು ಸಡಿಲವಾಗುವ ರೋಗ ಇದೆ. ಬಾಕ್ಸು ಕೆಳಗಿರುವಾಗಲೇ ಹಿಂದಿನ ಹೌಸಿಂಗ್ ತೆಗೆದು ನೋಡಿ, ಸುಧಾರಿತ ನಟ್ಟು ಹಾಕಿ. ಎಣ್ಣೆ ವಿಷಯದಲ್ಲೂ ಎಚ್ಚರ ಇರಲಿ. ಇದಕ್ಕೆ ಬೇಕಾದದ್ದು ಜಿಎಲ್-4 ದರ್ಜೆಯ 75ಡಬ್ಲ್ಯು-85 ಸಿಂಥೆಟಿಕ್ ಎಣ್ಣೆ, ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆ. ಆಕ್ಸಲ್‌ಗೆ ತಂದ ಜಿಎಲ್-5 ಮಿಕ್ಕಿದೆ ಅಂತ ಸುಮ್ನೆ ಇದಕ್ಕೆ ಸುರಿಯಬೇಡಿ, ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊ ರಿಂಗುಗಳು ಹಾಳಾಗುತ್ತವೆ.

ಮುಂದಿನ ವಿಂಚು (ಹಗ್ಗ ಸುತ್ತಿ ಎಳೆಯುವ ಯಂತ್ರ) ಗೇರ್ ಬಾಕ್ಸಿನ ಪಿಟಿಒದಿಂದ, ಅಂದರೆ ಬಾಕ್ಸಿನ ಪಕ್ಕದಿಂದ ಬಲ ತೆಗೆಯುವ ಭಾಗದಿಂದ, ನಡೆಯುವ ಗಾಡಿ ನಿಮ್ಮದಾದರೆ ಇಲ್ಲೇ ನಿಂತು ಯೋಚಿಸಿ. ಹಳೆಯ ಪಿಟಿಒ ಹೊಸ ಬಾಕ್ಸಿಗೆ ಕೂರುವುದಿಲ್ಲ. ವಿಂಚೇ ಮುಖ್ಯ ಅನ್ನುವವರು ಎನ್‌ಪಿ 420 ಉಳಿಸಿಕೊಂಡು ಆಕ್ಸಲ್ ಮಾತ್ರ 4.89 ಮಾಡಿಕೊಳ್ಳಬಹುದು. ಆಗ 80ರ ವೇಗಕ್ಕೆ ಸುಮಾರು 2,410 ಆರ್‌ಪಿಎಂ. ಓಡುತ್ತದೆ, ಆದರೆ ಕಿವಿಗೆ ಹಿತವಲ್ಲ.

ಹೆಜ್ಜೆ 6: ಇಳಿಸುವುದು, ಕೂರಿಸುವುದು

ಬಾನೆಟ್, ಮುಂದಿನ ಗ್ರಿಲ್, ರೇಡಿಯೇಟರ್ ತೆಗೆದರೆ ಹಳೆಯ ಎಂಜಿನ್ ಮುಂದಿನಿಂದ ಸಲೀಸಾಗಿ ಬರುತ್ತದೆ. ಬಿಚ್ಚುವ ಮುಂಚೆ ಫೋಟೊ ತೆಗೆಯಿರಿ. ಪ್ರತಿ ವೈರಿಗೂ ಚೀಟಿ ಕಟ್ಟಿ. ಹಳೆಯ ಎಂಜಿನ್‌ನ ಕ್ರ್ಯಾಂಕ್ ಪುಲ್ಲಿ ಚಾಸಿಯ ಯಾವ ಜಾಗದಲ್ಲಿತ್ತು, ಗೇರ್ ಬಾಕ್ಸಿನ ಹಿಂದಿನ ಫ್ಲ್ಯಾಂಜ್ ಯಾವ ಎತ್ತರ, ಯಾವ ಕೋನದಲ್ಲಿತ್ತು ಅಂತ ಅಳೆದು ಬರೆದಿಡಿ. ಈ ಅಳತೆ ಮುಂದೆ ಚಿನ್ನದಷ್ಟು ಬೆಲೆ ಬಾಳುತ್ತದೆ.

4ಬಿಟಿ ಸುಮಾರು 340 ಕೆ.ಜಿ. ಚೈನ್ ಬ್ಲಾಕು, ಅದನ್ನು ಹೊತ್ತ ತೊಲೆ ಎರಡೂ ಅದಕ್ಕೆ ತಕ್ಕಂತಿರಲಿ. ಎಂಜಿನ್ ಮತ್ತು ಗೇರ್ ಬಾಕ್ಸನ್ನು ಹೊರಗೇ ಸೇರಿಸಿ, ಒಂದೇ ತುಂಡಾಗಿ ಇಳಿಸಿ. ಮೊದಲ ಸಲ ಬರೀ ಅಳತೆಗೆ. ಮೂರು ಜಾಗ ನೋಡಬೇಕು. ಎಣ್ಣೆ ಸಂಪು ಮುಂದಿನ ಆಕ್ಸಲ್ ಮೇಲೆ ಬರುತ್ತದೆಯೇ? ಮರದ ಕಟ್ಟೆ ಇಟ್ಟು ಸ್ಪ್ರಿಂಗ್ ಪೂರ್ತಿ ಒತ್ತಿದ ಸ್ಥಿತಿಯಲ್ಲಿ ನೋಡಿ. ಗಾಡಿ ಸುಮ್ಮನೆ ನಿಂತಿರುವಾಗ ಜಾಗ ಇದ್ದೇ ಇರುತ್ತದೆ, ಗುಂಡಿಗೆ ಇಳಿದಾಗ ಇರುವುದಿಲ್ಲ. ಎರಡನೆಯದು, ಟರ್ಬೊ ಮತ್ತು ಸ್ಟೀರಿಂಗ್ ಕಂಬದ ನಡುವಿನ ಅಂತರ. ಮೂರನೆಯದು, ಫ್ಯಾನು ಮತ್ತು ರೇಡಿಯೇಟರ್ ನಡುವಿನ ಅಂತರ.

ಮೌಂಟುಗಳ ವಿಷಯದಲ್ಲಿ ಜಿಪುಣತನ ಬೇಡ. ದೊಡ್ಡ ಪಿಸ್ಟನ್ನಿನ ನಾಲ್ಕು ಸಿಲಿಂಡರಿನ ಈ ಎಂಜಿನ್ ವಿಪರೀತ ಅದುರುತ್ತದೆ. ಗಟ್ಟಿ ರಬ್ಬರ್ ಹಾಕಿದರೆ ಕನ್ನಡಿಯಲ್ಲಿ ಹಿಂದಿನ ಗಾಡಿಯೇ ಕಾಣಿಸದಷ್ಟು ಕ್ಯಾಬಿನ್ ನಡುಗುತ್ತದೆ. ಸ್ಟೆಪ್ ವ್ಯಾನಿನಿಂದ ಬಂದ ಮೆತ್ತನೆಯ ಮೌಂಟುಗಳನ್ನೇ ಬಳಸಿ, ಅಥವಾ ಅಂಥದ್ದೇ ಹೊಸದನ್ನು ತನ್ನಿ. ಮೌಂಟ್ ಮೆತ್ತಗಿದ್ದರೆ ಎಂಜಿನ್ ಅತ್ತಿತ್ತ ಹೊರಳುತ್ತದೆ. ಹಾಗಾಗಿ ಎಕ್ಸಾಸ್ಟ್, ಡೀಸೆಲ್, ನೀರಿನ ಪೈಪುಗಳಲ್ಲೆಲ್ಲ ಒಂದೊಂದು ಮೆತ್ತನೆಯ ತುಂಡು ಇರಲೇಬೇಕು. ಮುಂದಿನ ಪಟ್ಟಿ ಸ್ಪ್ರಿಂಗುಗಳು ತಗ್ಗಿದ್ದರೆ ಈಗಲೇ ಹದ ಮಾಡಿಸಿ.

ಹೆಜ್ಜೆ 7: ಪ್ರೊಪೆಲ್ಲರ್ ಶಾಫ್ಟುಗಳು

ಇಲ್ಲಿ ನಾನು ಎರಡನೇ ಸಲ ಎಡವಿದೆ. ಗೇರ್ ಬಾಕ್ಸ್ ಬದಲಿಸಿದ ಮೇಲೆ ಗಿಡ್ಡ ಶಾಫ್ಟಿಗೆ ಜಾಗ ಸಾಲದೆ ಟ್ರಾನ್ಸ್‌ಫರ್ ಕೇಸನ್ನು ಹಿಂದಕ್ಕೆ ಸರಿಸಬೇಕಾಯಿತು. ಆಗ ಹಿಂದಿನ ಶಾಫ್ಟು ಗಿಡ್ಡವಾಗಬೇಕು, ಮುಂದಿನದು ಉದ್ದವಾಗಬೇಕು. ಒಂದು ವರ್ಕ್‌ಶಾಪಿಗೆ ಕೊಟ್ಟು ಮಾಡಿಸಿದೆ. ಅವರು ಎರಡು ತುದಿಯ ಯೋಕುಗಳನ್ನು ಒಂದೇ ನೇರಕ್ಕೆ ಕೂರಿಸಿರಲಿಲ್ಲ. ನಾನೂ ನೋಡದೆ ಹಾಕಿಬಿಟ್ಟೆ. 50 ದಾಟಿದ ಕೂಡಲೇ ಸೀಟಿನ ಕೆಳಗೆ ಗುಡುಗಿದ ಹಾಗೆ ಸದ್ದು. ಎಂಜಿನ್ ಮೌಂಟು ಅಂತ ಎರಡು ವಾರ ಅಲ್ಲೇ ಹುಡುಕಿದೆ.

ನೀವು ಹೀಗೆ ಮಾಡಿ. ಶಾಫ್ಟನ್ನು ನೆಲದ ಮೇಲೆ ಇಟ್ಟು ಎರಡು ತುದಿಯ ಯೋಕಿನ ಕಿವಿಗಳು ಒಂದೇ ಮಟ್ಟದಲ್ಲಿವೆಯೇ ನೋಡಿ. ನೋಡಲು ಒಂದು ನಿಮಿಷ ಸಾಕು. ಆಮೇಲೆ ಕೋನ. ಫೋನಿನ ಮಟ್ಟ ನೋಡುವ ಆ್ಯಪ್ ಅಥವಾ ಕೋನಮಾಪಕ ಇಟ್ಟು ಗೇರ್ ಬಾಕ್ಸಿನ ಫ್ಲ್ಯಾಂಜ್, ಶಾಫ್ಟು, ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜ್ ಮೂರರ ಇಳಿಜಾರು ಬರೆದುಕೊಳ್ಳಿ. ಒಂದು ತುದಿಯ ಯುಜೆ ಕ್ರಾಸ್ (ಶಾಫ್ಟು ಬಾಗಿಯೂ ತಿರುಗಲು ಬಿಡುವ ಕೀಲು) ಎಷ್ಟು ಡಿಗ್ರಿ ಬಾಗಿದೆಯೋ ಇನ್ನೊಂದು ತುದಿಯದೂ ಅಷ್ಟೇ ಬಾಗಿರಬೇಕು. ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುವುದು ಆಗ ಮಾತ್ರ. ಒಂದರಿಂದ ಮೂರು ಡಿಗ್ರಿ ಒಳ್ಳೆಯದು. ಸೊನ್ನೆಯೂ ಬೇಡ. ಕ್ರಾಸಿನ ಒಳಗಿನ ಸೂಜಿ ಬೇರಿಂಗುಗಳು ತಿರುಗದೆ ಒಂದೇ ಕಡೆ ಕಚ್ಚಿ ಗುಳಿ ಬೀಳುತ್ತದೆ.

ಗಿಡ್ಡ ಶಾಫ್ಟಿನಲ್ಲಿ ಕೋನ ಬೇಗ ಹೆಚ್ಚಾಗುತ್ತದೆ. ಟ್ರಾನ್ಸ್‌ಫರ್ ಕೇಸ್ ಅರ್ಧ ಇಂಚು ಮೇಲೆ ಕೆಳಗೆ ಆದರೂ ವ್ಯತ್ಯಾಸ ಕಾಣುತ್ತದೆ. ಹಾಗಾಗಿ ಮೌಂಟಿನ ತೂತುಗಳನ್ನು ಉದ್ದುದ್ದ ಮಾಡಿ, ಸರಿಹೊಂದಿಸಿ, ಕೊನೆಗೆ ಗಟ್ಟಿ ಮಾಡಿ. ಮುಂದಿನ, ಹಿಂದಿನ ಶಾಫ್ಟುಗಳ ಜಾರುವ ತುದಿ ಸ್ಪ್ರಿಂಗ್ ಪೂರ್ತಿ ಇಳಿದಾಗ ಕಳಚಿಕೊಳ್ಳಬಾರದು, ಪೂರ್ತಿ ಒತ್ತಿದಾಗ ತಳ ಮುಟ್ಟಬಾರದು.

ಟ್ರಾನ್ಸ್‌ಫರ್ ಕೇಸ್ ಮಟ್ಟಿಗೆ ನನ್ನ ಸಲಹೆ ಎನ್‌ಪಿ 200 ಉಳಿಸಿಕೊಳ್ಳಿ ಅಂತ. ಗಟ್ಟಿ ವಸ್ತು, ಹ್ಯಾಂಡ್ ಬ್ರೇಕೂ ಅದರಲ್ಲೇ ಇದೆ. ಸೀಲು, ಬೇರಿಂಗು ಬದಲಿಸಿ. ಲೋ ರೇಂಜಿನಲ್ಲಿ ಅದರಿಂದ ಹೊರಗೆ ಬರುವ ಬಲ ಮೊದಲಿಗಿಂತ ಮೂವತ್ತು ಶೇಕಡ ಜಾಸ್ತಿ. 4.89 ಹಾಕಿದರೂ ಇದು ಕಡಿಮೆಯಾಗುವುದಿಲ್ಲ. ಹಾಗಾಗಿ ಶಾಫ್ಟು, ಕ್ರಾಸುಗಳನ್ನು ಒಂದು ಅಳತೆ ದೊಡ್ಡದು ಮಾಡಿಸುವುದು ಜಾಣತನ.

ಹೆಜ್ಜೆ 8: ಡೀಸೆಲ್, ನೀರು, ಕರೆಂಟು

ಹಳೆಯ ಟ್ಯಾಂಕನ್ನು ತೊಳೆಸಿ, ಒಳಗಿನ ಅಂಟು ಪೂರ್ತಿ ತೆಗೆಸಿ. ಪೆಟ್ರೋಲ್ ಟ್ಯಾಂಕಿಗೆ ಬೆಂಕಿ, ವೆಲ್ಡಿಂಗ್ ತಾಗಿಸಬೇಡಿ, ಖಾಲಿ ಟ್ಯಾಂಕೇ ಹೆಚ್ಚು ಅಪಾಯ. ಡೀಸೆಲ್ ಪಂಪಿನಿಂದ ಮಿಕ್ಕ ಎಣ್ಣೆ ಟ್ಯಾಂಕಿಗೆ ವಾಪಸ್ ಬರಬೇಕು, ಅದಕ್ಕೊಂದು ಹೊಸ ಪೈಪು ಬೇಕು. ನೀರು ಬೇರ್ಪಡಿಸುವ ಫಿಲ್ಟರನ್ನು ತಪ್ಪದೆ ಹಾಕಿ.

ರೇಡಿಯೇಟರಿನ ಹೊರಚೌಕಟ್ಟು ಹಳೆಯದೇ ಇರಲಿ, ಒಳಗೆ ದಪ್ಪ ಕೋರ್ ಹಾಕಿಸಿ. ಎಕ್ಸಾಸ್ಟಿಗೆ ಮೂರು ಇಂಚಿನ ಪೈಪು ಸಾಕು.

24 ವೋಲ್ಟ್ ಬಿಡಬೇಕೇ, ಉಳಿಸಬೇಕೇ? ನಾನು ಉಳಿಸಿದೆ. ದೀಪ, ಮೀಟರು, ಸ್ವಿಚ್ಚು ಎಲ್ಲ ಸೇನೆಯ ಮೂಲ ವಸ್ತುಗಳು, ಅವನ್ನು ಕಿತ್ತರೆ ಗಾಡಿಯ ಮುಖವೇ ಹೋದಂತೆ. ಬಿ ಸರಣಿಗೆ 24 ವೋಲ್ಟಿನ ಸೆಲ್ಫ್ ಮೋಟಾರು, ಆಲ್ಟರ್ನೇಟರು ಸಿಗುತ್ತವೆ. ಡೀಸೆಲ್ ಪಂಪಿನ ಮೇಲಿರುವ, ಎಂಜಿನ್ ನಿಲ್ಲಿಸುವ ಸೊಲೆನಾಯ್ಡ್ ಮಾತ್ರ ವ್ಯಾನಿನದು 12 ವೋಲ್ಟಿನದು. ಅದನ್ನು 24ರದಕ್ಕೆ ಬದಲಿಸಲು ಮರೆಯಬೇಡಿ, ಇಲ್ಲದಿದ್ದರೆ ಸುಟ್ಟುಹೋಗುತ್ತದೆ.

ಹೆಜ್ಜೆ 9: ಮೊದಲ ಸ್ಟಾರ್ಟ್

ಟರ್ಬೊಗೆ ಎಣ್ಣೆ ಹೋಗುವ ಪೈಪು ಬಿಚ್ಚಿ ಸ್ವಲ್ಪ ಹೊಸ ಎಣ್ಣೆ ಸುರಿದು ಮತ್ತೆ ಬಿಗಿಯಿರಿ. ಸೊಲೆನಾಯ್ಡ್ ವೈರು ತೆಗೆದು, ಆಯಿಲ್ ಪ್ರೆಶರ್ ಮೀಟರು ಮೇಲೇಳುವ ತನಕ ಸೆಲ್ಫ್ ಹೊಡೆಯಿರಿ. ಒಂದೊಂದು ಸಲಕ್ಕೆ ಕೆಲವೇ ಸೆಕೆಂಡು, ನಡುವೆ ಬಿಡುವು ಕೊಡಿ. ಆಮೇಲೆ ವೈರು ಹಾಕಿ, ಇಂಜೆಕ್ಟರ್ ಪೈಪುಗಳ ನಟ್ಟು ಸಡಿಲಿಸಿ ಗಾಳಿ ತೆಗೆಯಿರಿ. ಕೈಯನ್ನು ಡೀಸೆಲ್ ಚಿಮ್ಮುವ ಜಾಗದಿಂದ ದೂರ ಇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಕೈಗೆ ಸಿಗುವಂತೆ ಒಂದು ದಪ್ಪ ಹಲಗೆ ಇಟ್ಟುಕೊಳ್ಳಿ. ಡೀಸೆಲ್ ಎಂಜಿನ್ ಎಲ್ಲಿಂದಲೋ ಎಣ್ಣೆ ಹೀರಿ ತಾನಾಗಿ ಓಡಲು ಶುರು ಮಾಡಿದರೆ ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ ಉಸಿರು ಕಟ್ಟಿಸಬೇಕು. ಬರಿಗೈ ಒಡ್ಡಬೇಡಿ. ಈ ಕೆಲಸಕ್ಕೇ ಅಂತ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ.

ಓಡಿದರೆ ಹತ್ತು ನಿಮಿಷ ಬಿಡಿ. ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಮೊದಲ ದಿನ 30 ದಾಟಬೇಡಿ, ಬ್ರೇಕಿನ ಮೇಲೆ ನಂಬಿಕೆ ಬರಲಿ. 80 ಕಿ.ಮೀ. ಓಡಿದ ಮೇಲೆ ಮೌಂಟು, ಶಾಫ್ಟು, ಸ್ಪ್ರಿಂಗಿನ ಯು ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿಯಿರಿ. ನನ್ನದರಲ್ಲಿ ಟ್ರಾನ್ಸ್‌ಫರ್ ಕೇಸಿನ ಎರಡು ಬೋಲ್ಟು ಕಾಲು ಸುತ್ತು ಸಡಿಲವಾಗಿದ್ದವು. ಪ್ರತಿ ನಟ್ಟಿನ ಮೇಲೂ ಬಣ್ಣದ ಪೆನ್ನಿನಿಂದ ಗೆರೆ ಹಾಕಿದ್ದೇನೆ. ಗೆರೆ ಮುರಿದಿದ್ದರೆ ನಟ್ಟು ಜರುಗಿದೆ ಅಂತ ಅರ್ಥ. ಆಕ್ಸಲ್‌ಗೆ ಹೊಸ ಕ್ರೌನ್-ಪಿನಿಯನ್ ಹಾಕಿದ್ದರೆ 800 ಕಿ.ಮೀ.ಗೆ ಅದರ ಎಣ್ಣೆ ಬದಲಿಸಿ. ಹಳೆಯ ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿ, ಅಯಸ್ಕಾಂತ ಆಡಿಸಿ ನೋಡಿ. ಹಿಟ್ಟಿನಂಥ ಪುಡಿ ಬಂದರೆ ಸಹಜ. ಉಗುರಿಗೆ ಸಿಗುವಂಥ ಚೂರು ಬಂದರೆ ಗಾಡಿ ಓಡಿಸದೆ ಆಕ್ಸಲ್ ಬಿಚ್ಚಿ.